ಕಪ್ತಾನನ ತಪ್ಪು, ಸರಕಿನ ಒಡೆಯನ ಖರ್ಚು

ಎವರ್ ಗಿವನ್ ಎಂಬ ಹಡಗು 2021ರ ಮಾರ್ಚ್ 23ರಂದು ಸುಯೆಜ್ ಕಾಲುವೆಯಲ್ಲಿ ಅಡ್ಡಲಾಗಿ ಸಿಕ್ಕಿಕೊಂಡು, ಆರು ದಿನಗಳ ಬಳಿಕ ತೇಲಿದ ಸಂಗತಿ ಎಲ್ಲರಿಗೂ ನೆನಪಿದೆ. ಅನಂತರ ನಡೆದುದನ್ನು ಪತ್ರಿಕೆಗಳು ಅಷ್ಟಾಗಿ ಬರೆಯಲಿಲ್ಲ. ಹಡಗಿನಲ್ಲಿದ್ದ ಸುಮಾರು 18,000 ಕಂಟೇನರುಗಳ ಒಡೆಯರಿಗೆ ಏಪ್ರಿಲ್ ಆರಂಭದಲ್ಲಿ ಒಂದು ಸೂಚನೆ ಬಂತು. ಹಡಗಿನ ಮಾಲೀಕರು 'ಜನರಲ್ ಆವರೇಜ್' ಘೋಷಿಸಿದ್ದಾರೆ, ಆದುದರಿಂದ ಸರಕು ಬೇಕೆಂದರೆ ಪ್ರತಿಯೊಬ್ಬರೂ ಭದ್ರತೆ ಒದಗಿಸಬೇಕು ಎಂಬುದು ಅದರ ಸಾರಾಂಶ. ಕಾಲುವೆಯ ಪ್ರಾಧಿಕಾರವು ಮೊದಲು 91.6 ಕೋಟಿ ಡಾಲರ್ ಕೇಳಿ, ಆಮೇಲೆ 55 ಕೋಟಿಗೆ ಇಳಿದು, ಒಪ್ಪಂದವಾದ ಮೇಲೆ ಜುಲೈ 7ರಂದು ಹಡಗನ್ನು ಬಿಟ್ಟುಕೊಟ್ಟಿತು. ಅಲ್ಲಿಯವರೆಗೆ ಸರಕು ಸಹ ಹಡಗಿನೊಂದಿಗೇ ಬಂಧನದಲ್ಲಿತ್ತು. ಹಡಗು ನಡೆಸಿದವರ ಕೈಯಲ್ಲಿ ಏನು ಎಡವಟ್ಟಾಯಿತೋ, ಗಾಳಿಯ ಪಾಲು ಎಷ್ಟೋ, ಆ ವಿಚಾರಣೆ ಬೇರೆ. ಭದ್ರತೆಯ ಪತ್ರಕ್ಕೆ ಸಹಿ ಹಾಕಬೇಕಾದವನು ಮಾತ್ರ ಸರಕಿನ ಒಡೆಯ.

ಜನರಲ್ ಆವರೇಜ್ ಎಂಬುದು ಸಮುದ್ರ ವ್ಯಾಪಾರದಷ್ಟೇ ಹಳೆಯ ಪದ್ಧತಿ. ಹಡಗು ಮತ್ತು ಸರಕು ಎರಡನ್ನೂ ಒಂದೇ ಅಪಾಯದಿಂದ ಪಾರುಮಾಡಲು ಬೇಕೆಂದೇ ಮಾಡಿದ ತ್ಯಾಗ ಅಥವಾ ವೆಚ್ಚವನ್ನು, ಉಳಿದುಕೊಂಡ ಎಲ್ಲ ಸ್ವತ್ತುಗಳೂ ತಮ್ಮ ತಮ್ಮ ಮೌಲ್ಯದ ಪ್ರಮಾಣದಲ್ಲಿ ಹಂಚಿಕೊಳ್ಳಬೇಕು. ಲೆಕ್ಕ ಸರಳ. ಹಡಗಿನ ಮೌಲ್ಯ 120 ಕೋಟಿ ರೂಪಾಯಿ, ಅದರಲ್ಲಿರುವ ಒಟ್ಟು ಸರಕಿನ ಮೌಲ್ಯ 280 ಕೋಟಿ, ರಕ್ಷಣಾ ಕಾರ್ಯದ ವೆಚ್ಚ 20 ಕೋಟಿ ಎಂದು ಭಾವಿಸೋಣ. ಆಗ ಪ್ರತಿಯೊಬ್ಬರ ಪಾಲು ಶೇ. 5. ಒಂದು ಕಂಟೇನರಿನಲ್ಲಿ 60 ಲಕ್ಷ ರೂಪಾಯಿಯ ಬಿಡಿಭಾಗ ಕಳುಹಿಸಿದ ಪೀಣ್ಯದ ತಯಾರಕನ ಪಾಲಿಗೆ 3 ಲಕ್ಷ ಬರುತ್ತದೆ. ಅವನ ಸರಕಿಗೆ ಒಂದು ಗೀರೂ ಬಿದ್ದಿಲ್ಲದಿರಬಹುದು, ಆದರೂ ಕೊಡಬೇಕು. ವಿಮೆ ಇದ್ದರೆ ವಿಮಾ ಕಂಪನಿ ಖಾತರಿ ಪತ್ರ ನೀಡುತ್ತದೆ. ಇಲ್ಲದಿದ್ದರೆ ನಗದು ಠೇವಣಿ ಇಡಬೇಕಾಗುತ್ತದೆ; ಅಂತಿಮ ಲೆಕ್ಕ ಸಿದ್ಧವಾಗುವವರೆಗೆ, ಅಂದರೆ ಹಲವು ಸಂದರ್ಭಗಳಲ್ಲಿ ವರ್ಷಗಳ ಕಾಲ, ಆ ಠೇವಣಿ ವ್ಯಾಪಾರಿಯ ಆಸ್ತಿ ಪಟ್ಟಿಯಲ್ಲಿ ಸುಮ್ಮನೆ ಕುಳಿತಿರುತ್ತದೆ.

ಕಪ್ತಾನನ ತಪ್ಪಿನಿಂದಲೇ ಹಡಗು ನೆಲ ಕಚ್ಚಿದ್ದರೂ ಸರಕಿನ ಒಡೆಯ ಏಕೆ ಕೊಡಬೇಕು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಲಾರಿಯ ಚಾಲಕ ನಿದ್ದೆ ಹೋಗಿ ಸರಕು ಹಾಳಾದರೆ ಸಾಗಣೆದಾರನನ್ನು ಹಿಡಿಯಬಹುದು. ಸಮುದ್ರದಲ್ಲಿ ಹಾಗಲ್ಲ. 1924ರ ಹೇಗ್ ನಿಯಮಗಳ ಪ್ರಕಾರ, ಹಡಗನ್ನು ನಡೆಸುವುದರಲ್ಲಿ ಅಥವಾ ಅದರ ನಿರ್ವಹಣೆಯಲ್ಲಿ ಕಪ್ತಾನನಾಗಲಿ ನಾವಿಕರಾಗಲಿ ಮಾಡಿದ ತಪ್ಪು, ನಿರ್ಲಕ್ಷ್ಯಗಳಿಗೆ ಸಾಗಣೆದಾರನು ಹೊಣೆಯಲ್ಲ. ಭಾರತವು ಈ ನಿಯಮಗಳನ್ನು 1925ರ ಸಮುದ್ರ ಸರಕು ಸಾಗಣೆ ಕಾಯಿದೆಯ ಮೂಲಕ ಅಳವಡಿಸಿಕೊಂಡಿತ್ತು. ನೂರು ವರ್ಷಗಳ ಬಳಿಕ, 2025ರಲ್ಲಿ, ಸಂಸತ್ತು ಅದರ ಬದಲಿಗೆ ಹೊಸ ಕಾಯಿದೆ ಮಾಡಿತು. ಕಾಯಿದೆ ಹೊಸದು, ಈ ವಿನಾಯಿತಿ ಮಾತ್ರ ಹಳೆಯದೇ. ತಂತಿ-ನಿಸ್ತಂತು ಸೌಲಭ್ಯವಿಲ್ಲದ ದಿನಗಳಲ್ಲಿ, ದಡದಲ್ಲಿ ಕುಳಿತ ಮಾಲೀಕನಿಗೆ ನಡುಗಡಲಿನ ಕಪ್ತಾನನ ಮೇಲೆ ಯಾವ ಹತೋಟಿಯೂ ಇರುವುದಿಲ್ಲ ಎಂಬ ತರ್ಕ ಇದರ ಹಿಂದಿತ್ತು. ಇಂದು ಮಾಲೀಕನ ಕಚೇರಿಗೆ ಹಡಗಿನ ಸ್ಥಾನ ಗಡಿಗಡಿಗೂ ಪರದೆಯ ಮೇಲೆ ಕಾಣುತ್ತದೆ. ತರ್ಕ ಹೋಯಿತು, ವಿನಾಯಿತಿ ಉಳಿಯಿತು. ಇದನ್ನು ಕೈಬಿಟ್ಟ 1978ರ ಹ್ಯಾಂಬರ್ಗ್ ನಿಯಮಗಳಿಗೆ ಭಾರತ ಸೇರಿಲ್ಲ. 2008ರ ರಾಟರ್ಡ್ಯಾಮ್ ನಿಯಮಗಳು ಸಾಕಷ್ಟು ರಾಷ್ಟ್ರಗಳ ಅನುಮೋದನೆಯಿಲ್ಲದೆ ಇನ್ನೂ ಜಾರಿಗೇ ಬಂದಿಲ್ಲ.

ಹೊರಡುವ ಮುನ್ನ, ಹೊರಟ ಮೇಲೆ

ಹಾಗೆಂದು ಸರಕಿನ ಒಡೆಯನಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಅದೇ ನಿಯಮಗಳು ಸಾಗಣೆದಾರನ ಮೇಲೆ ಇನ್ನೊಂದು ಕರ್ತವ್ಯವನ್ನು ಹೊರಿಸಿವೆ. ಯಾನಕ್ಕೆ ಮುನ್ನ ಮತ್ತು ಯಾನದ ಆರಂಭದಲ್ಲಿ ಹಡಗು ಸಮುದ್ರಯಾನಕ್ಕೆ ಯೋಗ್ಯವಾಗಿರುವಂತೆ ಅವನು ಸೂಕ್ತ ಎಚ್ಚರ ವಹಿಸಿರಬೇಕು. ಈ ಯೋಗ್ಯತೆ ಉಕ್ಕಿನ ಹಲಗೆ, ಎಂಜಿನುಗಳದ್ದು ಮಾತ್ರವಲ್ಲ. ಸಿಬ್ಬಂದಿಯ ಯೋಗ್ಯತೆಯೂ ಅದರಲ್ಲಿ ಸೇರಿದೆ. ಅಸಮರ್ಥ ಕಪ್ತಾನನಿರುವ ಹಡಗು, ರಂಧ್ರವಿರುವ ಹಡಗಿನಷ್ಟೇ ಅಯೋಗ್ಯ. ಹೀಗಾಗಿ ದಕ್ಷ ಕಪ್ತಾನನೊಬ್ಬನು ಒಂದು ಗಳಿಗೆ ಮೈಮರೆತರೆ ನಷ್ಟ ಸರಕಿನವನದು. ಕಪ್ತಾನನೇ ಅದಕ್ಷನಾಗಿದ್ದು ಮಾಲೀಕನು ಅದನ್ನು ನೋಡಿಕೊಳ್ಳದಿದ್ದರೆ ನಷ್ಟ ಮಾಲೀಕನದು. ಕಪ್ತಾನರ ತರಬೇತಿಯ ವಿಷಯ ವ್ಯಾಪಾರಿಯ ಖಾತೆ ಪುಸ್ತಕಕ್ಕೆ ಬಂದು ಸೇರುವುದು ಈ ಭೇದದ ಮೂಲಕ.

ಇದಕ್ಕೆ ಯುರೇಷಿಯನ್ ಡ್ರೀಮ್ ಹಡಗಿನ ಮೊಕದ್ದಮೆ ಉತ್ತಮ ನಿದರ್ಶನ. ವಾಹನಗಳನ್ನು ಸಾಗಿಸುವ ಈ ಹಡಗಿಗೆ 1998ರ ಜುಲೈಯಲ್ಲಿ ಶಾರ್ಜಾ ಬಂದರಿನಲ್ಲಿ ಬೆಂಕಿ ಬಿತ್ತು. ಕಪ್ತಾನನ ಬಳಿ ಪ್ರಮಾಣಪತ್ರವಿತ್ತು. ಆದರೆ ವಾಹನ ಸಾಗಿಸುವ ಹಡಗಿನ ಅನುಭವವಿರಲಿಲ್ಲ. ಆ ಹಡಗಿಗೆ ತಕ್ಕ ಅಗ್ನಿಶಾಮಕ ತರಬೇತಿ ಸಿಬ್ಬಂದಿಗೆ ಸಿಕ್ಕಿರಲಿಲ್ಲ. ಹಡಗಿನಲ್ಲಿದ್ದ ಕೈಪಿಡಿಗಳೂ ಆ ಬಗೆಯ ಹಡಗಿಗೆ ಹೊಂದುವಂತಿರಲಿಲ್ಲ. ಲಂಡನ್ನಿನ ನ್ಯಾಯಾಲಯ 2002ರಲ್ಲಿ ತೀರ್ಪು ನೀಡುತ್ತ ಹಡಗು ಸಮುದ್ರಯಾನಕ್ಕೆ ಅಯೋಗ್ಯವಾಗಿತ್ತೆಂದೂ, ಹೊಣೆ ಸಾಗಣೆದಾರರದೆಂದೂ ಹೇಳಿತು. ಪ್ರಮಾಣಪತ್ರವಿದೆ ಎಂಬ ಉತ್ತರ ಸಾಲಲಿಲ್ಲ.

ಇನ್ನೂ ಮುಖ್ಯವಾದುದು ಸಿಎಂಎ ಸಿಜಿಎಂ ಲಿಬ್ರಾ ಪ್ರಕರಣ. 2011ರ ಮೇ ತಿಂಗಳಲ್ಲಿ ಚೀನದ ಶಿಯಾಮೆನ್ ಬಂದರಿನಿಂದ ಹೊರಟ ಈ ಕಂಟೇನರ್ ಹಡಗು, ಬೋಯಾಗಳಿಂದ ಗುರುತಿಸಿದ ಮಾರ್ಗವನ್ನು ಬಿಟ್ಟು ಹೊರಗೆ ಸಾಗಿ ದಿಬ್ಬವೊಂದಕ್ಕೆ ತಗುಲಿ ನಿಂತಿತು. ಮಾರ್ಗದ ಹೊರಗಿನ ಆಳವು ನಕ್ಷೆಯಲ್ಲಿ ತೋರಿಸಿರುವುದಕ್ಕಿಂತ ಕಡಿಮೆಯಿದೆ ಎಂಬ ಎಚ್ಚರಿಕೆ 2010ರ ಕೊನೆಗೇ ನಾವಿಕರಿಗೆ ಪ್ರಕಟವಾಗಿತ್ತು. ಹೊರಡುವ ಮುನ್ನ ಸಿದ್ಧಪಡಿಸಿದ ಯಾನ ಯೋಜನೆಯಲ್ಲಿ ಆ ಎಚ್ಚರಿಕೆಯ ಗುರುತೇ ಇರಲಿಲ್ಲ. ಒಟ್ಟು ಜನರಲ್ ಆವರೇಜ್ ವೆಚ್ಚ ಸುಮಾರು 1.3 ಕೋಟಿ ಡಾಲರ್. ಬಹುಪಾಲು ಸರಕುದಾರರು ತಮ್ಮ ಪಾಲು ಕೊಟ್ಟರು, ಶೇ. 8ರಷ್ಟು ಮಂದಿ ಕೊಡುವುದಿಲ್ಲವೆಂದು ನಿಂತರು. ಅವರಿಂದ ಬರಬೇಕಿದ್ದ ಸುಮಾರು 8 ಲಕ್ಷ ಡಾಲರಿಗಾಗಿ ಮಾಲೀಕರು ಹೂಡಿದ ದಾವೆ ಮೂರು ಹಂತಗಳನ್ನು ದಾಟಿ, 2021ರ ನವೆಂಬರ್ 10ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲಿ ಕೊನೆಗೊಂಡಿತು. ಮಾಲೀಕರು ಸೋತರು.

ಮಾಲೀಕರ ವಾದವೂ ಬುದ್ಧಿವಂತಿಕೆಯದೇ ಆಗಿತ್ತು. ತಾವು ಸಮರ್ಥ ಕಪ್ತಾನನನ್ನು ನೇಮಿಸಿದ್ದೇವೆ, ಸರಿಯಾದ ನಕ್ಷೆ, ಪುಸ್ತಕ, ಪದ್ಧತಿಗಳನ್ನು ಒದಗಿಸಿದ್ದೇವೆ. ಯೋಜನೆ ಬರೆಯುವುದು ಹಡಗು ನಡೆಸುವ ಕೆಲಸ, ಅದರಲ್ಲಿನ ತಪ್ಪು ವಿನಾಯಿತಿಗೆ ಸೇರಿದ್ದು ಎಂದರು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಯಾನ ಯೋಜನೆ ಯಾನದ ಆರಂಭಕ್ಕೆ ಮುನ್ನವೇ ಸಿದ್ಧವಾಗಬೇಕಾದದ್ದು. ಅದು ದೋಷಪೂರಿತವಾಗಿದ್ದು ಆ ದೋಷ ಯಾನಕ್ಕೆ ಅಪಾಯಕಾರಿಯಾಗಿದ್ದರೆ ಹಡಗೇ ಅಯೋಗ್ಯ. ಎಚ್ಚರ ವಹಿಸುವ ಕರ್ತವ್ಯವನ್ನು ಮಾಲೀಕನು ಕಪ್ತಾನನಿಗೆ ದಾಟಿಸಿ ಕೈತೊಳೆದುಕೊಳ್ಳಲಾಗದು. ಇಂಗ್ಲಿಷ್ ತೀರ್ಪು ಭಾರತದಲ್ಲಿ ಕಟ್ಟಳೆಯಲ್ಲವಾದರೂ, ನಮ್ಮ ಕಾಯಿದೆಯ ಭಾಷೆಯೂ ಅದೇ ಮೂಲದ್ದಾದುದರಿಂದ ಇಲ್ಲಿನ ನ್ಯಾಯಾಲಯಗಳು ಅಂತಹ ತೀರ್ಪುಗಳಿಗೆ ಬೆಲೆ ಕೊಡುತ್ತವೆ. ಜನರಲ್ ಆವರೇಜಿನ ಪತ್ರ ಬಂದೊಡನೆ ಪಾಲು ಕಟ್ಟಿ ಕಡತ ಮುಚ್ಚುವ ಅಭ್ಯಾಸವಿರುವವರು ಆ ಶೇ. 8ರ ಗುಂಪನ್ನು ನೆನಪಿನಲ್ಲಿಡುವುದು ಲೇಸು. ಭದ್ರತೆ ಕೊಡದೆ ಸರಕು ಸಿಗುವುದಿಲ್ಲ, ನಿಜ. ಆದರೆ ಭದ್ರತೆ ಕೊಡುವುದು ಬೇರೆ, ಅಂತಿಮವಾಗಿ ಹಣ ಕೊಡುವುದು ಬೇರೆ.

ಪ್ರಮಾಣಪತ್ರ ಏನು ಹೇಳುತ್ತದೆ?

ಕಪ್ತಾನನಾಗುವುದು ಸುಲಭದ ದಾರಿಯಲ್ಲ. ನಾವಿಕರ ತರಬೇತಿ, ಪ್ರಮಾಣೀಕರಣ ಮತ್ತು ಪಹರೆಗಳ ಬಗ್ಗೆ ಅಂತರರಾಷ್ಟ್ರೀಯ ಒಪ್ಪಂದ, ಅಂದರೆ ಎಸ್‌ಟಿಸಿಡಬ್ಲ್ಯು, 1978ರಲ್ಲಿ ಅಂಗೀಕೃತವಾಗಿ 1984ರಲ್ಲಿ ಜಾರಿಗೆ ಬಂತು. ಅದಕ್ಕೆ ಮುನ್ನ ಪ್ರತಿ ದೇಶವೂ ತನಗೆ ತೋಚಿದ ಮಟ್ಟವನ್ನು ಇಟ್ಟುಕೊಂಡಿತ್ತು. 1995ರಲ್ಲಿ ಒಪ್ಪಂದವನ್ನು ಹೆಚ್ಚು ಕಡಿಮೆ ಹೊಸದಾಗಿಯೇ ಬರೆಯಲಾಯಿತು. 2010ರ ಮನಿಲಾ ತಿದ್ದುಪಡಿಗಳು 2012ರ ಜನವರಿಯಿಂದ ಜಾರಿಯಾದವು. 3,000 ಟನ್ನೇಜ್ ಮತ್ತು ಮೇಲ್ಪಟ್ಟ ಹಡಗಿನ ಕಪ್ತಾನನಾಗಲು, ಪಹರೆಯ ಅಧಿಕಾರಿಯಾಗಿ ಕನಿಷ್ಠ 36 ತಿಂಗಳ ಸಮುದ್ರ ಸೇವೆ ಬೇಕು. ಅದರಲ್ಲಿ 12 ತಿಂಗಳಾದರೂ ಮುಖ್ಯ ಅಧಿಕಾರಿಯಾಗಿ ದುಡಿದಿದ್ದರೆ 24 ತಿಂಗಳು ಸಾಕು. ಪರೀಕ್ಷೆಗಳು ಬೇರೆ. ಪ್ರಮಾಣಪತ್ರದ ಅವಧಿ ಐದು ವರ್ಷ. ಬಳಿಕ ಅರ್ಹತೆ ಮುಂದುವರಿದಿರುವುದನ್ನು ತೋರಿಸಿ ನವೀಕರಿಸಿಕೊಳ್ಳಬೇಕು.

ಇದೆಲ್ಲವೂ ಕನಿಷ್ಠ ಮಟ್ಟ ಎಂಬುದು ಗಮನಾರ್ಹ. ಪರೀಕ್ಷೆ ಪಾಸಾದವರೆಲ್ಲ ಒಂದೇ ತೂಕದವರಲ್ಲ ಎಂಬುದನ್ನು ಯಾವ ವೃತ್ತಿಯವರಿಗೂ, ಲೆಕ್ಕಪರಿಶೋಧಕರಿಗೂ ಸೇರಿದಂತೆ, ಹೇಳಿಕೊಡಬೇಕಾಗಿಲ್ಲ. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಂಡೆಗೆ ಕೋಸ್ಟಾ ಕಾಂಕಾರ್ಡಿಯಾ ಹಡಗನ್ನು ತಗುಲಿಸಿ 32 ಜನರ ಸಾವಿಗೆ ಕಾರಣನಾದ ಫ್ರಾನ್ಸೆಸ್ಕೊ ಸ್ಕೆಟ್ಟಿನೊ ಪ್ರಮಾಣಪತ್ರವಿಲ್ಲದವನಲ್ಲ, ಅನುಭವವಿಲ್ಲದವನೂ ಅಲ್ಲ. ದ್ವೀಪಕ್ಕೆ ಸಮೀಪದಲ್ಲಿ ಹಾದು ವಂದನೆ ಸಲ್ಲಿಸುವ ಹುಚ್ಚು ಆ ದುರಂತದ ಮೂಲ. ಅವನಿಗೆ ವಿಧಿಸಿದ 16 ವರ್ಷಗಳ ಸೆರೆವಾಸವನ್ನು ಇಟಲಿಯ ಅತ್ಯುನ್ನತ ನ್ಯಾಯಾಲಯ 2017ರಲ್ಲಿ ಎತ್ತಿಹಿಡಿಯಿತು. 2020ರ ಜುಲೈ 25ರಂದು ಮಾರಿಷಸ್ಸಿನ ಹವಳದ ದಿಬ್ಬಕ್ಕೆ ಏರಿದ ವಾಕಾಶಿಯೊ ಹಡಗಿನ ಕಥೆಯೂ ಇಂತಹದೇ: ಮೊಬೈಲ್ ಸಂಕೇತ ಸಿಗಲೆಂದು ಹಡಗನ್ನು ದಡದ ಸಮೀಪಕ್ಕೆ ಒಯ್ಯಲಾಗಿತ್ತು. ಸುಮಾರು 1,000 ಟನ್ ತೈಲ ಸಮುದ್ರಕ್ಕೆ ಹರಿಯಿತು. ಭಾರತೀಯನಾದ ಕಪ್ತಾನನಿಗೂ ಮೊದಲ ಅಧಿಕಾರಿಗೂ 2021ರ ಡಿಸೆಂಬರಿನಲ್ಲಿ 20 ತಿಂಗಳ ಶಿಕ್ಷೆಯಾಯಿತು. ಇಂತಹ ಮೈಮರೆವನ್ನು ಯಾವ ಪಠ್ಯಕ್ರಮವೂ ಪೂರ್ತಿ ತಡೆಯಲಾರದು.

ದಣಿವಿನ ವಿಷಯ ಹಾಗಲ್ಲ, ಅದನ್ನು ತಡೆಯಬಹುದು. ಆಸ್ಟ್ರೇಲಿಯದ ಗ್ಲ್ಯಾಡ್‌ಸ್ಟನ್ ಬಂದರಿನಲ್ಲಿ ಕಲ್ಲಿದ್ದಲು ತುಂಬಿಕೊಂಡು ಹೊರಟ ಶೆನ್ ನೆಂಗ್ 1 ಹಡಗು 2010ರ ಏಪ್ರಿಲ್ 3ರಂದು ಗ್ರೇಟ್ ಬ್ಯಾರಿಯರ್ ರೀಫಿನ ಹವಳ ದಿಬ್ಬವನ್ನು ಏರಿತು. ಪಹರೆಯಲ್ಲಿದ್ದ ಮುಖ್ಯ ಅಧಿಕಾರಿ ಹಿಂದಿನ 38½ ಗಂಟೆಗಳಲ್ಲಿ ಮಲಗಿದ್ದುದು ಎರಡೂವರೆ ಗಂಟೆ ಮಾತ್ರ ಎಂದು ತನಿಖೆ ಕಂಡುಕೊಂಡಿತು. ಉಳಿದ ಸಮಯವೆಲ್ಲ ಸರಕು ತುಂಬಿಸುವ ಮೇಲ್ವಿಚಾರಣೆ, ಹೊರಡುವ ಸಿದ್ಧತೆಗಳಲ್ಲಿ ಕಳೆದಿತ್ತು. ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಎಂಬ ನಿಯಮ ಈಗಲೂ ಇದೆ. ಅದರ ದಾಖಲೆ ಪುಸ್ತಕವೂ ಪ್ರತಿ ಹಡಗಿನಲ್ಲಿದೆ. ತಪಾಸಣೆಗೆಂದೇ ಬರೆಯುವ ಪುಸ್ತಕಗಳು ಎಷ್ಟು ಅಚ್ಚುಕಟ್ಟಾಗಿರುತ್ತವೆ ಎಂಬುದು ಕಾರ್ಖಾನೆ ನಡೆಸುವವರಿಗೆ ಗೊತ್ತಿರುವ ಸಂಗತಿಯೇ.

ದಡದಲ್ಲಿರುವವರ ಪಾಲು

ಅಪಘಾತದ ಮರುದಿನ ಎಲ್ಲರ ಬೆರಳೂ ಕಪ್ತಾನನತ್ತ ತಿರುಗುತ್ತದೆ. 1987ರ ಮಾರ್ಚ್ 6ರಂದು ಬೆಲ್ಜಿಯಂನ ಜೀಬ್ರೂಗ ಬಂದರಿನಿಂದ ಮುಂಬಾಗಿಲು ತೆರೆದುಕೊಂಡೇ ಹೊರಟು ಮಗುಚಿದ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ದುರಂತದಲ್ಲಿ 193 ಜನ ಸತ್ತರು. ಬಾಗಿಲು ಮುಚ್ಚಬೇಕಾದವನು ಕೋಣೆಯಲ್ಲಿ ನಿದ್ರಿಸುತ್ತಿದ್ದ. ಕಪ್ತಾನನ ಪ್ರಮಾಣಪತ್ರವನ್ನು ಒಂದು ವರ್ಷ ಅಮಾನತಿನಲ್ಲಿಡಲಾಯಿತು. ಆದರೆ ವಿಚಾರಣೆ ಅಲ್ಲಿಗೆ ನಿಲ್ಲಲಿಲ್ಲ. ಬಾಗಿಲು ಮುಚ್ಚಿದೆಯೇ ಎಂದು ತೋರಿಸುವ ದೀಪವೊಂದನ್ನು ಹಾಕಿಸಿ ಎಂದು ಕಪ್ತಾನರು ಮೊದಲೇ ಕೇಳಿಕೊಂಡಿದ್ದರು. ಕಚೇರಿ ಅದನ್ನು ಹಗುರವಾಗಿ ತಳ್ಳಿಹಾಕಿತ್ತು. ಕಂಪನಿಯ ಮೇಲಿನಿಂದ ಕೆಳಗಿನವರೆಗೂ ಅಸಡ್ಡೆ ಹರಡಿತ್ತೆಂದು ವಿಚಾರಣೆ ತೀರ್ಮಾನಿಸಿತು. 1998ರಿಂದ ಹಂತ ಹಂತವಾಗಿ ಕಡ್ಡಾಯವಾದ ಐಎಸ್‌ಎಂ ಸಂಹಿತೆಗೆ ಈ ದುರಂತ ಮುಖ್ಯ ಪ್ರೇರಣೆ. ಅದರಂತೆ ಸುರಕ್ಷತೆಯ ಬಗ್ಗೆ ಕಂಪನಿಯ ಉನ್ನತ ಆಡಳಿತವನ್ನು ನೇರವಾಗಿ ತಲುಪಬಲ್ಲ ವ್ಯಕ್ತಿಯೊಬ್ಬನು ದಡದಲ್ಲಿರಬೇಕು. ಕಪ್ತಾನನಿಗೆ ಸುರಕ್ಷತೆಯ ವಿಷಯದಲ್ಲಿ ಅಂತಿಮ ಅಧಿಕಾರವಿರಬೇಕು.

ತಪ್ಪಿಲ್ಲದ ಕಪ್ತಾನನು ಸೆರೆಯಾದುದೂ ಉಂಟು. 2007ರ ಡಿಸೆಂಬರ್ 7ರಂದು ದಕ್ಷಿಣ ಕೊರಿಯದ ತೀರದಲ್ಲಿ ಲಂಗರು ಹಾಕಿ ನಿಂತಿದ್ದ ಹೆಬೈ ಸ್ಪಿರಿಟ್ ತೈಲ ಹಡಗಿಗೆ, ಎಳೆದೊಯ್ಯುವ ಹಗ್ಗ ತುಂಡಾದ ಕ್ರೇನ್ ದೋಣಿಯೊಂದು ಬಂದು ಬಡಿಯಿತು. ಹತ್ತು ಸಾವಿರ ಟನ್ನಿಗೂ ಹೆಚ್ಚು ತೈಲ ಚೆಲ್ಲಿತು. ಕೆಳ ನ್ಯಾಯಾಲಯ ಬಿಡುಗಡೆ ಮಾಡಿದ್ದರೂ ಭಾರತೀಯ ಕಪ್ತಾನ ಮತ್ತು ಮುಖ್ಯ ಅಧಿಕಾರಿಯನ್ನು ಮೇಲ್ಮನವಿಯಲ್ಲಿ ಜೈಲಿಗೆ ಕಳುಹಿಸಲಾಯಿತು. ಅವರು ತಾಯ್ನಾಡಿಗೆ ಮರಳಿದ್ದು 2009ರ ಜೂನಿನಲ್ಲಿ. ಜಗತ್ತಿನ ಹಡಗುಗಳಿಗೆ ಅಧಿಕಾರಿಗಳನ್ನು ಒದಗಿಸುವ ಪ್ರಮುಖ ದೇಶಗಳಲ್ಲಿ ಭಾರತವೂ ಒಂದಾದುದರಿಂದ ಇದು ನಮಗೆ ದೂರದ ಸುದ್ದಿಯಲ್ಲ. 2024ರ ಮಾರ್ಚ್ 26ರಂದು ಬಾಲ್ಟಿಮೋರಿನ ಸೇತುವೆಗೆ ಬಡಿದ ಡಾಲಿ ಹಡಗಿನ ಸಿಬ್ಬಂದಿಯಲ್ಲಿ ಬಹುತೇಕರು ಭಾರತೀಯರು. ವಿದ್ಯುತ್ ಕಡಿತಕ್ಕೆ ಸಡಿಲವಾಗಿದ್ದ ಒಂದು ತಂತಿ ಕಾರಣವೆಂದು ಅಮೆರಿಕದ ತನಿಖಾ ಮಂಡಳಿ 2025ರ ನವೆಂಬರಿನಲ್ಲಿ ಹೇಳಿತು. ಅಲ್ಲಿಯೂ ಜನರಲ್ ಆವರೇಜ್ ಘೋಷಣೆಯಾಗಿತ್ತು.

ಸರಕು ಕಳುಹಿಸುವವರ ಪಾಲನ್ನೂ ಮರೆಯುವಂತಿಲ್ಲ. ನವ ಮಂಗಳೂರು ಬಂದರಿನಿಂದ ಕಬ್ಬಿಣದ ಅದಿರಿನ ಪುಡಿ ಹೊತ್ತು ಚೀನಕ್ಕೆ ಹೊರಟ ಏಷ್ಯನ್ ಫಾರೆಸ್ಟ್ ಹಡಗು 2009ರ ಜುಲೈಯಲ್ಲಿ ಮಂಗಳೂರಿನ ಹೊರ ಸಮುದ್ರದಲ್ಲೇ ಮುಳುಗಿತು. ಸಿಬ್ಬಂದಿಯನ್ನು ಕರಾವಳಿ ಕಾವಲು ಪಡೆ ಪಾರುಮಾಡಿತು. ಅದೇ ಸೆಪ್ಟೆಂಬರಿನಲ್ಲಿ ಅದಿರು ತುಂಬಿದ್ದ ಬ್ಲ್ಯಾಕ್ ರೋಸ್ ಪಾರಾದೀಪದ ಬಳಿ ಮುಳುಗಿತು. ಮಳೆಗಾಲದಲ್ಲಿ ಬಯಲಿನಲ್ಲಿ ರಾಶಿ ಹಾಕಿದ ಅದಿರಿನ ಪುಡಿ ನೀರು ಕುಡಿದಿರುತ್ತದೆ. ನೋಡಲು ಒಣಗಿದಂತಿರುವ ಆ ರಾಶಿ ಹಡಗಿನ ಅಲುಗಾಟ, ಎಂಜಿನಿನ ಕಂಪನಗಳಿಗೆ ಸಿಕ್ಕಿ ಕೆಸರಾಗುತ್ತದೆ. ಕೆಸರು ಒಂದು ಬದಿಗೆ ಸರಿದರೆ ಹಡಗು ಮತ್ತೆ ನೇರವಾಗುವುದಿಲ್ಲ. ಇಂತಹ ಸರಕಿನ ತೇವಾಂಶ ಎಷ್ಟು, ಅನುಮತಿಸಬಹುದಾದ ಮಿತಿ ಎಷ್ಟು ಎಂಬ ಪ್ರಮಾಣಪತ್ರ ಕೊಡಬೇಕಾದವನು ಸರಕು ಕಳುಹಿಸುವವನು. ಸುಳ್ಳು ಪ್ರಮಾಣಪತ್ರವನ್ನು ಹಡಗಿನ ಮೇಲೆ ಕಪ್ತಾನನು ಪತ್ತೆಹಚ್ಚುವುದು ಕಷ್ಟ. ಡಬ್ಬಿಯಲ್ಲಿ ಮಾದರಿ ತುಂಬಿ ಕುಟ್ಟಿ ನೋಡುವ ಪರೀಕ್ಷೆಯೊಂದಿದೆ. ಅದರಲ್ಲಿ ನೀರು ಕಂಡರೆ ಸರಕು ಅಪಾಯಕಾರಿ, ಕಾಣದಿದ್ದರೆ ಸುರಕ್ಷಿತವೆಂದು ಹೇಳಲಾಗದು. ಈ ಬಗೆಯ ಸರಕುಗಳ ಸಂಹಿತೆ 2011ರ ಜನವರಿಯಿಂದ ಕಡ್ಡಾಯವಾಯಿತು. ಕಂಟೇನರುಗಳ ನಿಖರ ತೂಕವನ್ನು ಕಳುಹಿಸುವವರೇ ದೃಢೀಕರಿಸಬೇಕೆಂಬ ನಿಯಮ 2016ರ ಜುಲೈಯಿಂದ ಜಾರಿಯಲ್ಲಿದೆ. ಅದನ್ನು ಗುಮಾಸ್ತನು ಊಹೆಯ ಮೇಲೆ ತುಂಬುವ ಕಾಗದವೆಂದು ಭಾವಿಸುವವರು ಇಂದಿಗೂ ಇಲ್ಲದಿಲ್ಲ.

ಈ ಹೊಣೆ ಎಷ್ಟು ಕಠಿಣ ಎಂಬುದಕ್ಕೆ ಜಿಯಾನಿಸ್ ಎನ್‌ಕೆ ಪ್ರಕರಣವನ್ನು ನೋಡಬಹುದು. ನೆಲಗಡಲೆ ಹಿಂಡಿಯ ಗುಳಿಗೆಗಳಲ್ಲಿ ಖಾಪ್ರಾ ದುಂಬಿ ಸೇರಿಕೊಂಡು ಅದೇ ಹಡಗಿನಲ್ಲಿದ್ದ ಗೋಧಿಯನ್ನೂ ಸಮುದ್ರಕ್ಕೆ ಸುರಿಯಬೇಕಾಯಿತು. ದುಂಬಿಯ ವಿಷಯ ಕಳುಹಿಸಿದವರಿಗೆ ಗೊತ್ತಿರಲಿಲ್ಲ. ಗೊತ್ತಿರಲಿ, ಬಿಡಲಿ, ಅಪಾಯಕಾರಿ ಸರಕಿನಿಂದಾದ ನಷ್ಟಕ್ಕೆ ಕಳುಹಿಸಿದವರೇ ಹೊಣೆ ಎಂದು ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1998ರಲ್ಲಿ ತೀರ್ಮಾನಿಸಿತು.

ವಿಮೆ ಮತ್ತು ವಾಯಿದೆ

ಸಾಗಣೆದಾರನ ಹೊಣೆ ಸಾಬೀತಾದರೂ ಪೂರ್ತಿ ನಷ್ಟ ಕೈಸೇರುತ್ತದೆಂದಿಲ್ಲ. ಹೇಗ್-ವಿಸ್ಬಿ ನಿಯಮಗಳಲ್ಲಿ, ಮೌಲ್ಯವನ್ನು ಮೊದಲೇ ಘೋಷಿಸಿ ಬಿಲ್ ಆಫ್ ಲೇಡಿಂಗಿನಲ್ಲಿ ನಮೂದಿಸದಿದ್ದರೆ, ಪರಿಹಾರದ ಮಿತಿ ಪ್ರತಿ ಕಟ್ಟಿಗೆ 666.67 ಎಸ್‌ಡಿಆರ್ ಅಥವಾ ಕಿಲೋಗೆ 2 ಎಸ್‌ಡಿಆರ್, ಯಾವುದು ಹೆಚ್ಚೋ ಅದು. ಹಗುರವಾದರೂ ದುಬಾರಿಯಾದ ಸರಕು ತಯಾರಿಸುವವರು ಈ ಸಂಖ್ಯೆಯನ್ನು ತಮ್ಮ ಇನ್‌ವಾಯ್ಸಿನೊಂದಿಗೆ ಹೋಲಿಸಿ ನೋಡಬೇಕು. ಆದುದರಿಂದ ವಿಮೆ ಅನಿವಾರ್ಯ. ಇನ್ಸ್ಟಿಟ್ಯೂಟ್ ಕಾರ್ಗೋ ಕ್ಲಾಸ್‌ಗಳಲ್ಲಿ ಎ, ಬಿ, ಸಿ ಮೂರೂ ಜನರಲ್ ಆವರೇಜನ್ನು ಒಳಗೊಳ್ಳುತ್ತವೆ. ಕನಿಷ್ಠವಾದ ಸಿ ಕೂಡ ನೆಲ ಕಚ್ಚುವಿಕೆ, ಮುಳುಗಡೆ, ಡಿಕ್ಕಿಗಳಿಗೆ ರಕ್ಷಣೆ ಕೊಡುತ್ತದೆ. ಎಫ್‌ಒಬಿ ಆಧಾರದಲ್ಲಿ ಮಾರುವ ರಫ್ತುದಾರರು ವಿಮೆ ಖರೀದಿದಾರನ ಚಿಂತೆಯೆಂದು ಸುಮ್ಮನಾಗುವುದು ವಾಡಿಕೆ. ಹಣ ಬರುವ ಮುನ್ನವೇ ಹಡಗು ಮುಳುಗಿ, ಖರೀದಿದಾರನು ಕೈಯೆತ್ತಿದರೆ, ಮಾರಾಟಗಾರನ ಹಿತರಕ್ಷಣೆಯ ಪೂರಕ ವಿಮೆಯಿಲ್ಲದವನಿಗೆ ಉಳಿಯುವುದು ದಾವೆ ಮಾತ್ರ.

2025ರ ಮೇ 25ರಂದು ಕೊಚ್ಚಿಯ ಹೊರ ಸಮುದ್ರದಲ್ಲಿ 640 ಕಂಟೇನರುಗಳೊಂದಿಗೆ ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗು 1997ರಲ್ಲಿ ನಿರ್ಮಾಣವಾದದ್ದು. ಕೇರಳ ಸರ್ಕಾರ ಪರಿಸರ ನಷ್ಟಕ್ಕಾಗಿ 9,531 ಕೋಟಿ ರೂಪಾಯಿ ಕೇಳಿ ಹೈಕೋರ್ಟಿನ ಮೊರೆ ಹೋಯಿತು. ಸರ್ಕಾರಕ್ಕೆ ಅಡ್ವೊಕೇಟ್ ಜನರಲ್ ಇದ್ದಾರೆ. ಒಂದೆರಡು ಕಂಟೇನರಿನ ಒಡೆಯನು ತನ್ನ ದಾರಿ ತಾನೇ ನೋಡಿಕೊಳ್ಳಬೇಕು. ಸರಕು ಕೈಸೇರಿದಾಗ ಹಾನಿ ಕಂಡರೆ ಆಗಲೇ, ಹೊರಗೆ ಕಾಣದ ಹಾನಿಯಾದರೆ ಮೂರು ದಿನಗಳೊಳಗೆ, ಲಿಖಿತ ಸೂಚನೆ ಕೊಡಬೇಕು. ವಿಮಾ ಕಂಪನಿಗೆ ತಿಳಿಸಿದರೆ ಸಾಗಣೆದಾರನಿಗೆ ತಿಳಿಸಿದಂತಾಗುವುದಿಲ್ಲ. ಸಾಗಣೆದಾರನ ವಿರುದ್ಧ ದಾವೆಗೆ ಇರುವ ಕಾಲಾವಕಾಶ ಸರಕು ಒಪ್ಪಿಸಿದ ಅಥವಾ ಒಪ್ಪಿಸಬೇಕಿದ್ದ ದಿನದಿಂದ ಒಂದು ವರ್ಷ. ಹಡಗು ಮುಳುಗಿದ ಕಾರಣದ ತನಿಖೆ ಎಷ್ಟೋ ವೇಳೆ ಅದಕ್ಕಿಂತ ತಡವಾಗಿ ಮುಗಿಯುತ್ತದೆ. ಡಾಲಿಯ ತನಿಖೆಗೇ ಇಪ್ಪತ್ತು ತಿಂಗಳು ಹಿಡಿಯಿತು. ಕಪ್ತಾನನ ತರಬೇತಿಯ ದಾಖಲೆ, ಯಾನ ಯೋಜನೆ, ವಿಶ್ರಾಂತಿಯ ಪುಸ್ತಕಗಳನ್ನು ಕೇಳಿ ಸಾಗಣೆದಾರನಿಗೆ ಪತ್ರ ಬರೆಯುವುದು, ಅವಧಿ ವಿಸ್ತರಣೆಗೆ ಅವನ ಲಿಖಿತ ಒಪ್ಪಿಗೆ ಪಡೆಯುವುದು, ಎರಡೂ ಆ ವರ್ಷದೊಳಗೇ ಆಗಬೇಕಾದ ಕೆಲಸ.